ಮೇಘಗಳ ಛಾಯಾಚಿತ್ರ ಮತ್ತು ಅಮೂರ್ತತೆಯ ಆಕರ್ಷಣೆ

ಇತಿಹಾಸದ ವಿದ್ಯಾರ್ಥಿಗಳಾದ ನಾವು ಛಾಯಾಚಿತ್ರವನ್ನು ಸಾಮಾನ್ಯವಾಗಿ ಸಾಕ್ಷ್ಯವೆಂದೇ ಪರಿಗಣಿಸುತ್ತೇವೆ. ಅದರಲ್ಲಿರುವವರು ಯಾರು, ಸ್ಥಳ ಯಾವುದು, ಕಾಲ ಯಾವುದು ಎಂಬುದು ತಿಳಿಯದೆ ಅದನ್ನು ಆಕರಗಳ ಸಾಲಿಗೆ ಸೇರಿಸುವುದಿಲ್ಲ. ಹೀಗಿರುವಲ್ಲಿ, ಈ ಪ್ರಶ್ನೆಗಳಿಗೆ ಉತ್ತರವನ್ನೇ ಕೊಡದ ಛಾಯಾಚಿತ್ರವೊಂದು ನಮ್ಮನ್ನು ಸೆರೆಹಿಡಿಯುವುದೇಕೆ? ಅಮೆರಿಕದ ಆಲ್‌ಫ್ರೆಡ್ ಸ್ಟೀಗ್ಲಿಟ್ಸನ (1864-1946) ಮೇಘಚಿತ್ರಗಳನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಸ್ಟೀಗ್ಲಿಟ್ಸನಿಗೆ ಅಮೂರ್ತ ಚಿತ್ರಕಲೆ ಹೊಸದಾಗಿರಲಿಲ್ಲ. ಕಾಂಡಿನ್‌ಸ್ಕಿಯ ಗ್ರಂಥದಿಂದ ಆಯ್ದ ಭಾಗವೊಂದನ್ನು 1912ರಲ್ಲಿ ತನ್ನ ‘ಕ್ಯಾಮರಾ ವರ್ಕ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದನು. 1913ರಲ್ಲಿ ನ್ಯೂಯಾರ್ಕಿನ ಆರ್ಮರಿ ಪ್ರದರ್ಶನದಲ್ಲಿ ಅದೇ ಕಲಾವಿದನ ‘ಇಂಪ್ರೊವೈಸೇಷನ್ 27’ ಎಂಬ ವರ್ಣಚಿತ್ರವನ್ನು ಕೊಂಡಿದ್ದನು. 1922ರಲ್ಲಿ ಲೇಕ್ ಜಾರ್ಜ್ ಎಂಬಲ್ಲಿ ಅವನು ಮೇಘಗಳ ಕಡೆಗೆ ಕ್ಯಾಮರಾ ತಿರುಗಿಸಿದನು. ಅವನ ಭಾವಚಿತ್ರಗಳ ಶಕ್ತಿಯು ಎದುರು ಕುಳಿತವರ ಮೇಲೆ ಅವನು ಬೀರುವ ಪ್ರಭಾವದಿಂದ ಬಂದುದೆಂದು ವಿಮರ್ಶಕನೊಬ್ಬನು ಆಡಿದ ಮಾತು ಇದಕ್ಕೆ ಪ್ರೇರಕವಾಯಿತೆಂದು 1923ರ ಲೇಖನದಲ್ಲಿ ಅವನೇ ತಿಳಿಸಿದ್ದಾನೆ. ಮೇಘಗಳ ಮೇಲೆ ಯಾರ ಪ್ರಭಾವ ತಾನೆ ನಡೆದೀತು? ಈ ಚಿತ್ರಗಳಿಗೆ ಮುಂದೆ ‘ಈಕ್ವಿವಲೆಂಟ್ಸ್’, ಎಂದರೆ ‘ಸಮಾನಗಳು’, ಎಂಬ ಹೆಸರಾಯಿತು.

ಇವುಗಳಲ್ಲಿ ಅನೇಕವು ಸುಮಾರು 4 ಅಂಗುಲಕ್ಕೆ 5 ಅಂಗುಲದ ಚಿಕ್ಕ ಪ್ರತಿಗಳು. ಹಲವುಗಳಲ್ಲಿ ನೆಲವಿಲ್ಲ, ದಿಗಂತವಿಲ್ಲ. ಮೇಲು ಕೆಳಗುಗಳ ನಿಶ್ಚಯವೂ ಇಲ್ಲ. ಕಪ್ಪಾದ ಆಕಾಶ, ಅದರ ಮೇಲೆ ಬೆಳಕಿನ ಎಳೆಗಳು, ಇಷ್ಟೇ. ಇವು ತನ್ನ ಅಂತರಂಗದ ಅನುಭವಗಳಿಗೆ ಸಮಾನವೆಂದು ಸ್ಟೀಗ್ಲಿಟ್ಸನು ಹೇಳುತ್ತಿದ್ದನು. ಈ ಪ್ರತಿಪಾದನೆಯನ್ನು ನಾವು ಹಾಗೆಯೇ ಒಪ್ಪಲಾರೆವು. ಯಾವ ಮೇಘವು ಯಾವ ಅನುಭವಕ್ಕೆ ಸಮಾನವೆಂಬುದಕ್ಕೆ ಚಿತ್ರದಲ್ಲಿ ಆಧಾರವಿಲ್ಲ.

ಆದರೂ ಚಿತ್ರದ ಆಕರ್ಷಣೆ ಕುಂದುವುದಿಲ್ಲ. ಕಾರಣವನ್ನು ನಮ್ಮ ಕಾವ್ಯಮೀಮಾಂಸೆಯ ನೆರವಿನಿಂದ ವಿವರಿಸಬಹುದೆಂದು ತೋರುತ್ತದೆ. ಬೆಳಕನ್ನು ಬಯಸುವವನು ದೀಪದ ಕುಡಿಯನ್ನು ಜೋಪಾನಮಾಡುವಂತೆ ಧ್ವನಿಯನ್ನು ಬಯಸುವವನು ವಾಚ್ಯಾರ್ಥವನ್ನು ಆದರಿಸುತ್ತಾನೆಂಬುದು ಆನಂದವರ್ಧನನ ಅಭಿಪ್ರಾಯ. ಅಮೂರ್ತ ವರ್ಣಚಿತ್ರವು ವಾಚ್ಯವನ್ನು ಪೂರ್ಣವಾಗಿ ತೊರೆಯಬಲ್ಲುದು. ಕ್ಯಾಮರಾದಿಂದ ತೆಗೆದ ಈ ಚಿತ್ರಕ್ಕೆ ಅದು ಸಾಧ್ಯವಿಲ್ಲ. ಎಷ್ಟೇ ಅಪರಿಚಿತವಾಗಿ ಕಂಡರೂ, ಒಂದು ದಿನ, ಒಂದು ಕ್ಷಣ, ಆ ಮೇಘವು ಆ ಬೆಳಕಿನಲ್ಲಿ ಇದ್ದಿತು. ಹೆಸರಿನಿಂದ ಬಿಡುಗಡೆ ಪಡೆದ ರೂಪವೂ ಅಳಿಸಲಾಗದ ವಾಸ್ತವದ ಗುರುತೂ ಒಂದೇ ಹಾಳೆಯಲ್ಲಿ ಕೂಡಿರುವುದೇ ಇದರ ವೈಶಿಷ್ಟ್ಯ.

ಆದುದರಿಂದ ಇದನ್ನು ಅರ್ಥಹೀನವೆಂದು ತಳ್ಳುವವರೂ, ಕೇವಲ ರೂಪವೆಂದು ಹೊಗಳುವವರೂ ಅರ್ಧವನ್ನು ಮಾತ್ರ ಕಂಡವರು. ‘ಇದು ಏನು?’ ಎಂದು ಕೇಳುವ ಅಭ್ಯಾಸವನ್ನು ನಾವು ಬಿಡಬೇಕಾಗಿಲ್ಲ. ಉತ್ತರ ದೊರೆತೊಡನೆ ನೋಡುವುದನ್ನು ನಿಲ್ಲಿಸುವ ಅಭ್ಯಾಸವನ್ನು ಬಿಟ್ಟರೆ ಸಾಕು.