ಹೊಸ ಕಾರು, ಹಳೆಯ ಉತ್ತರ

ನಮ್ಮ ಸಂಘದ ಸದಸ್ಯರಲ್ಲಿ ಈಗ ಕಾರಿಲ್ಲದವರನ್ನು ಎಣಿಸುವುದೇ ಸುಲಭ. ಪುರಸೈವಾಕ್ಕಂ ಹೈರೋಡಿನ ನೂಕುನುಗ್ಗಲಿನಲ್ಲಿ ಅದನ್ನು ನಿಲ್ಲಿಸಲು ಜಾಗ ಸಿಗದಿದ್ದರೂ ಸರಿಯೇ, ಸಾಲ ಮಾಡಿಯೋ ಭವಿಷ್ಯನಿಧಿಯಿಂದ ತೆಗೆದೋ ಕೊಳ್ಳುವುದು ನಡೆದೇ ಇದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಂಡವರು ನಾಲ್ಕು ಜನ ಸೇರಿದಲ್ಲಿ ಹೇಳಿಕೊಳ್ಳುವುದನ್ನು ಕೇಳಿದರೆ, ಇಂಜಿನ್ನಿನ ಮೇಲೆ ದೂರು ಕಡಿಮೆ, ವಿದ್ಯುತ್ತಿನ ಮೇಲೆಯೇ ಹೆಚ್ಚು. ಪರದೆ ಕಪ್ಪಾಯಿತು, ಬಾಗಿಲು ತಾನಾಗಿ ಲಾಕ್ ಆಯಿತು, ಕಾರಣವಿಲ್ಲದೆ ಎಚ್ಚರಿಕೆ ದೀಪ ಹತ್ತಿತು, ಎರಡು ದಿನ ನಿಲ್ಲಿಸಿದ್ದಕ್ಕೆ ಬ್ಯಾಟರಿ ಸತ್ತಿತು. ಇದು ನಮ್ಮೂರಿನ ಹಣೆಬರಹವಷ್ಟೇ ಅಲ್ಲ. ಅಮೆರಿಕದಲ್ಲಿ ಜೆ. ಡಿ. ಪವರ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಕೊಂಡ ಮೊದಲ 90 ದಿನಗಳಲ್ಲಿ ನೂರು ಕಾರುಗಳಿಗೆ 192 ತೊಂದರೆಗಳು. ಅವುಗಳಲ್ಲಿ ಅತಿ ಹೆಚ್ಚಿನವು ಪರದೆ ಮತ್ತು ಅದರ ಸಲಕರಣೆಗಳವು.

ವಂಡಲೂರಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿನಲ್ಲಿ ವಿದ್ಯುತ್ತೆಂದರೆ ಬ್ಯಾಟರಿ, ಡೈನಮೋ, ಸ್ಟಾರ್ಟರ್, ಕಾಯಿಲ್, ದೀಪ, ಹಾರ್ನು ಇಷ್ಟೇ. ಒಂದು ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡ ಪುದುಪೇಟೆಯ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ರೋಗ ಹಿಡಿಯುತ್ತಿದ್ದ. ಇಂದಿನ ಕಾರಿನಲ್ಲಿ ಹತ್ತಾರು ಪುಟ್ಟ ಕಂಪ್ಯೂಟರುಗಳಿವೆ. ಜರ್ಮನಿಯ ಬಾಷ್ ಕಂಪೆನಿ 1986ರಲ್ಲಿ ಹೊರತಂದ ವಿಧಾನದಂತೆ ಅವೆಲ್ಲ ಒಂದು ಜೋಡಿ ತಂತಿಯ ಮೇಲೆ ಪರಸ್ಪರ ಮಾತನಾಡಿಕೊಳ್ಳುತ್ತವೆ. ತಂತಿಯ ಭಾರ ಉಳಿಯಿತು, ನಿಜ. ಆದರೆ ಒಂದು ಕಡೆ ಕನೆಕ್ಟರ್ ಸಡಿಲವಾದರೆ ದೀಪ ಹತ್ತುವುದು ಇನ್ನೊಂದು ಕಡೆ.

ಬ್ಯಾಟರಿಯ ಲೆಕ್ಕವನ್ನೇ ನೋಡಿ. 45 ಆಂಪಿಯರ್-ಗಂಟೆಯ ಬ್ಯಾಟರಿ ಇದೆಯೆನ್ನೋಣ. ಕಾರು ನಿಂತಾಗ ಎಲ್ಲ ಕಂಪ್ಯೂಟರುಗಳೂ ನಿದ್ರಿಸಿ ಒಟ್ಟು 50 ಮಿಲಿಆಂಪಿಯರ್ ಮಾತ್ರ ಎಳೆದರೆ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚು, ವಾರಗಟ್ಟಲೆ ಚಿಂತೆಯಿಲ್ಲ. ಒಂದೇ ಒಂದು ಪೆಟ್ಟಿಗೆ ನಿದ್ರೆ ಹೋಗದೆ ಒಂದು ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 24. ಎರಡು ದಿನ ತುಂಬುವಷ್ಟರಲ್ಲಿ ಬ್ಯಾಟರಿ ಬರಿದು. ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆ. ಕಾರನ್ನು ರಾತ್ರಿಯಿಡೀ ಇಟ್ಟುಕೊಂಡು ಕರೆಂಟು ಅಳೆಯದ ಹೊರತು ಇದು ಪತ್ತೆಯಾಗುವುದಿಲ್ಲ. ಸರ್ವಿಸ್ ಸ್ಟೇಷನ್ನಿನವರಿಗೆ ಅಷ್ಟು ಪುರುಸೊತ್ತೆಲ್ಲಿ?

ಇನ್ನು ಕಂಪೆನಿಗಳೇ ಒಪ್ಪಿಕೊಂಡು ಕಾರುಗಳನ್ನು ಹಿಂದಕ್ಕೆ ಕರೆದ ಪ್ರಕರಣಗಳು. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗಿನ ನಿಯಂತ್ರಕಕ್ಕಾಗಿ 17,362 ಕಾರುಗಳನ್ನು ಕರೆಯಿತು. ಅದೇ ವರ್ಷ ನಮ್ಮ ಪಾವಗಡದ ನೆರೆಯ ಪೆನುಕೊಂಡ ಸೀಮೆಯಲ್ಲಿ ತಯಾರಾಗುವ ಕಿಯಾ ಕ್ಯಾರೆನ್ಸ್ 30,297. ಅವುಗಳ ಮೀಟರಿನ ಪರದೆಯೇ ಖಾಲಿಯಾಗುವ ಸಂಭವವಿತ್ತು. ಆಗಸ್ಟಿನಲ್ಲಿ ಮಹೀಂದ್ರ ಎಕ್ಸ್‌ಯುವಿ 700 ಒಂದು ಲಕ್ಷಕ್ಕೂ ಮೇಲೆ. ಇಂಜಿನ್ ಕೋಣೆಯ ತಂತಿಗಳ ಕಟ್ಟು ಉಜ್ಜಿ ಸವೆಯಬಹುದೆಂಬ ಕಾರಣಕ್ಕೆ. 2024ರ ಜೂನಿನಲ್ಲಿ ಹ್ಯುಂಡೈ ಐಯಾನಿಕ್ 5 ಎಂಬ ವಿದ್ಯುತ್ ಕಾರು 1,744. ದೊಡ್ಡ ಬ್ಯಾಟರಿಯಿಂದ ಸಣ್ಣ 12 ವೋಲ್ಟ್ ಬ್ಯಾಟರಿಗೆ ಚಾರ್ಜು ಕೊಡುವ ಪೆಟ್ಟಿಗೆ ಕೆಟ್ಟರೆ ಸಣ್ಣದು ಬರಿದಾಗುತ್ತದೆ. ಆಗ ದೊಡ್ಡದು ತುಂಬಿದ್ದರೂ ಗಾಡಿ ನಿಲ್ಲುತ್ತದೆ.

ಹೀಗೆ ಹಿಂದಕ್ಕೆ ಕರೆದದ್ದು ಅವಮಾನವಲ್ಲ, ಮರ್ಯಾದೆಯ ಕೆಲಸವೇ. ಸುಮ್ಮನಿದ್ದುಬಿಡುವವರಿಗಿಂತ ಇವರು ಮೇಲು. ಆದರೆ ಇಪ್ಪತ್ತು ವರ್ಷ ಸರಕಾರಿ ಸುತ್ತೋಲೆಗಳನ್ನು ಓದಿದ ನನ್ನಂಥವನ ಕಣ್ಣಿಗೆ ಇಂಥ ಪ್ರಕಟಣೆಗಳ ಭಾಷೆ ಬಹಳ ಪರಿಚಿತವೆನಿಸುತ್ತದೆ. 'ಸಂಭವವಿದೆ', 'ಮುನ್ನೆಚ್ಚರಿಕೆಯಾಗಿ', 'ಉಚಿತವಾಗಿ'. ತಮ್ಮದೇ ತಪ್ಪನ್ನು ತಿದ್ದಿಕೊಡುವುದಕ್ಕೆ ಉಚಿತವೆಂಬ ಉಪಕಾರದ ಮಾತೇಕೆ? ಎಷ್ಟು ಕಾರುಗಳನ್ನು ಪರೀಕ್ಷಿಸುತ್ತಾರೆಂಬುದು ತಿಳಿಯುತ್ತದೆ. ಎಷ್ಟು ನಿಜವಾಗಿ ಕೆಟ್ಟವೆಂಬುದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಸಾಫ್ಟ್‌ವೇರ್ ಬದಲಿಸುತ್ತೇವೆನ್ನುತ್ತಾರೆ, ಏನು ಬದಲಾಯಿತೆಂದು ಕೊಂಡವನಿಗೆ ಹೇಳುವವರಿಲ್ಲ. ಮಾರುತಿಯವರ ಪ್ರಕಟಣೆಯಲ್ಲಿ ಮಾತ್ರ ಒಂದು ನೇರವಾದ ಮಾತಿತ್ತು: ಭಾಗ ಬದಲಾಯಿಸುವ ತನಕ ಸಂಶಯಾಸ್ಪದ ಕಾರನ್ನು ಓಡಿಸಬೇಡಿ ಎಂದು. ಕೊಂಡವನಿಗೆ ಬೇಕಾದದ್ದು ಇಂಥ ವಾಕ್ಯ.

ಕಾನೂನು ಇಲ್ಲವೆನ್ನುವಂತಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ ಸೇರಿದ 110ಎ ಕಲಮಿನಂತೆ ಕೇಂದ್ರ ಸರಕಾರ ತಾನೇ ಕಾರುಗಳನ್ನು ವಾಪಸು ಕರೆಸಬಹುದು; ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಆದರೆ ದೋಷವು ಪರಿಸರಕ್ಕೋ, ಒಳಗಿರುವವರಿಗೋ, ರಸ್ತೆಯ ಮೇಲಿನವರಿಗೋ ಹಾನಿ ಮಾಡುವಂಥದಾಗಿರಬೇಕು. ಮಾಲೀಕರ ದೂರಿನ ಮೇಲೆ ಆಜ್ಞೆ ಹೊರಡಬೇಕಾದರೆ ಅವರಲ್ಲಿ ಗೊತ್ತುಪಡಿಸಿದ ಶೇಕಡಾ ಭಾಗದಷ್ಟು ಜನ ಬರೆದುಕೊಟ್ಟಿರಬೇಕು. ಎಂದರೆ ಒಬ್ಬೊಬ್ಬರ ದೂರೂ ಲೆಕ್ಕಕ್ಕೆ ಬರಬೇಕು.

ಅದು ಲೆಕ್ಕಕ್ಕೆ ಬರುತ್ತಿಲ್ಲವೆಂಬುದೇ ನನ್ನ ಮುಖ್ಯ ಆಕ್ಷೇಪಣೆ. ನಮ್ಮ ಬೀದಿಯ ನಿವೃತ್ತ ಹಿರಿಯರೊಬ್ಬರು ಪರದೆ ಕಪ್ಪಾಗುವುದೆಂದು ಒಂದು ಸರ್ವಿಸ್ ಸ್ಟೇಷನ್ನಿಗೆ ಮೂರು ಸಲ ಹೋದರು. ಅಲ್ಲಿ ಹೋದಾಗ ಪರದೆ ಬೆಳಗುತ್ತಿತ್ತು. ಮೂರು ಸಲವೂ ಜಾಬ್ ಕಾರ್ಡಿನಲ್ಲಿ ಬರೆದದ್ದು 'ಪರೀಕ್ಷಿಸಲಾಯಿತು, ಸರಿಯಾಗಿದೆ' ಎಂದು. ಬಂದು ಹೋಗುವ ಜ್ವರ ವೈದ್ಯರ ಮುಂದೆ ಇಲ್ಲದಿದ್ದರೆ ರೋಗಿಗೆ ಜ್ವರವೇ ಬರಲಿಲ್ಲವೆಂದು ಬರೆಯುತ್ತಾರೆಯೇ? ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲವೆಂಬುದು ನಮ್ಮ ಕಚೇರಿಗಳ ನ್ಯಾಯ. ಕಾರಿನ ವ್ಯಾಪಾರದವರು ಅದನ್ನು ನಮಗಿಂತ ಚೆನ್ನಾಗಿ ಕಲಿತಿದ್ದಾರೆ.

ಆದ್ದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟು. ಕೆಟ್ಟ ಗಳಿಗೆಯಲ್ಲಿ ಫೋನಿನಿಂದ ಚಿತ್ರ ತೆಗೆದಿಡಿ, ದಿನಾಂಕ ವೇಳೆ ಗುರುತಿಸಿ. ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲಿಯೇ ದೂರು ಬರೆಸದೆ ಸಹಿ ಹಾಕಬೇಡಿ, ಪ್ರತಿ ಕೇಳಿ ಪಡೆಯಿರಿ. ಕಂಪ್ಯೂಟರಿನಲ್ಲಿ ದಾಖಲಾದ ದೋಷಸಂಖ್ಯೆಗಳನ್ನು ಅಳಿಸುವ ಮುಂಚೆ ಬರೆದುಕೊಡಲು ಹೇಳಿ. ಅಷ್ಟರಿಂದಲೂ ಆಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಎರಡು ವರ್ಷದ ಗಡುವು ಮೀರಬಾರದು. ಹತ್ತು ಹನ್ನೆರಡು ಲಕ್ಷ ತೆತ್ತವನು ಕಾಗದದ ಒಂದು ಸಾಲಿಗಾಗಿ ಕೌಂಟರಿನ ಮುಂದೆ ಹತ್ತು ನಿಮಿಷ ನಿಲ್ಲಲು ಸಂಕೋಚಪಡಬೇಕಾದ್ದಿಲ್ಲ.