ಹೆರಿಗೆಯ ಜತೆಗೇ ಮುಗಿದುಹೋಗುವ ತೀರ್ಮಾನ: ಕುಂದಾಪುರ ಸೀಮೆಯ ‘ಆಪರೇಷನ್’ ಪದ್ಧತಿಯ ವಿಮರ್ಶೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಾತಿನಲ್ಲಿ ‘ಆಪರೇಷನ್ ಆಗಿದೆ’ ಎಂಬುದಕ್ಕೆ ವಿಶೇಷಣ ಬೇಕಾಗುವುದಿಲ್ಲ. ಎರಡು ಮಕ್ಕಳ ತಾಯಿಯೊಬ್ಬಳ ಕುರಿತು ಆ ಮಾತು ಬಂದರೆ, ಅದು ಪಿತ್ತಕೋಶದ್ದೋ ಕರುಳಿನದ್ದೋ ಎಂದು ಕೇಳುವವರು ಯಾರೂ ಇಲ್ಲ. ಸರ್ಕಾರಿ ಕಡತಗಳು ಅದನ್ನೇ ‘ಸಂತಾನಹರಣ ಶಸ್ತ್ರಚಿಕಿತ್ಸೆ’ ಎನ್ನುತ್ತವೆ. ಸೀತಾಪಹರಣವನ್ನೂ ವಸ್ತ್ರಾಪಹರಣವನ್ನೂ ಬಯಲಾಟದ ರಂಗಸ್ಥಳದಲ್ಲಿ ನೋಡಿ ಬೆಳೆದ ಸೀಮೆಗೆ ‘ಹರಣ’ವೆಂದರೆ ಒಪ್ಪಿಗೆಯಿಲ್ಲದೆ ಕಸಿದುಕೊಳ್ಳುವುದು ಎಂಬ ಅರ್ಥ ಸಹಜವಾಗಿಯೇ ಹೊಳೆಯುತ್ತದೆ, ಈ ಪಾರಿಭಾಷಿಕ ಪದವನ್ನು ಟಂಕಿಸಿದವರಿಗೆ ಆ ಉದ್ದೇಶ ಇದ್ದಿರಲಾರದು, ಆದರೂ ಪದ ತನ್ನ ಪಾಡಿಗೆ ಏನನ್ನೋ ನುಡಿಯುತ್ತದೆ. ಜನರ ಮಾತಿನಲ್ಲಿ ಅದು ತೀರ್ಮಾನವೇ ಅಲ್ಲ, ಮದುವೆ, ಹೆರಿಗೆ, ಬಾಣಂತನಗಳಂತೆ ಆಗಿಹೋಗುವ ಸಂಗತಿ; ಕಡತದ ಮಾತಿನಲ್ಲಿ ಅದು ಯಾರೋ ಯಾರಿಂದಲೋ ಮಾಡಿದ ಹರಣ. ಸ್ತ್ರೀಯೊಬ್ಬಳು ಕೂತು, ಯೋಚಿಸಿ, ತನಗಿನ್ನು ಮಕ್ಕಳು ಬೇಡವೆಂದು ನಿರ್ಧರಿಸಿದಳು ಎಂಬ ಅರ್ಥವನ್ನು ಹೇಳುವ ಪದ ಈ ಎರಡೂ ಕಡೆ ಇಲ್ಲ. ಈ ಪದ್ಧತಿಯನ್ನು ಅಳೆಯಬೇಕಾದದ್ದು ಶಸ್ತ್ರಕ್ರಿಯೆಯ ಕೌಶಲದಿಂದಲ್ಲ, ಆ ಮೂರನೆಯ ಅರ್ಥಕ್ಕೆ ಅದು ಎಷ್ಟು ಜಾಗ ಬಿಟ್ಟಿದೆ ಎಂಬುದರಿಂದ.

ಶಸ್ತ್ರಕ್ರಿಯೆ ತಾನಾಗಿ ಸರಳವಾದುದು. ಅಂಡಾಶಯದಿಂದ ಹೊರಟ ಅಂಡವು ಗರ್ಭಕೋಶದ ಕಡೆಗೆ ಸಾಗುವ, ದಾರಿಯಲ್ಲಿ ವೀರ್ಯಾಣುವನ್ನು ಕೂಡುವ ಎರಡು ಸಪೂರ ಕೊಳವೆಗಳಿಗೆ ಅಂಡನಾಳಗಳೆಂದು ಹೆಸರು. ಅವುಗಳನ್ನು ಕಟ್ಟಿ ಕತ್ತರಿಸುವುದು ಅಥವಾ ಬಿಗಿ ಉಂಗುರ ತೊಡಿಸಿ ಮುಚ್ಚುವುದು ಟ್ಯೂಬೆಕ್ಟಮಿ. ಹೆರಿಗೆಯಾಗಿ ಏಳು ದಿನಗಳೊಳಗಾದರೆ ಗರ್ಭಕೋಶ ಇನ್ನೂ ಮೇಲಿರುವುದರಿಂದ ಹೊಕ್ಕುಳ ಕೆಳಗೆ ಸಣ್ಣ ಗಾಯ ಮಾಡಿ ನಾಳವನ್ನು ಎತ್ತಿ ಕಟ್ಟುತ್ತಾರೆ, ಇದು ಮಿನಿಲ್ಯಾಪ್. ಆರು ವಾರ ಕಳೆದ ಮೇಲಾದರೆ ಹೊಟ್ಟೆಯೊಳಗೆ ದರ್ಶಕ ನಳಿಕೆ ಇಳಿಸಿ ಉಂಗುರ ಹಾಕುವ ಲ್ಯಾಪ್ರೋಸ್ಕೋಪಿಯೂ ಸಾಧ್ಯ. ಸಿಸೇರಿಯನ್ ಆದವರಿಗೆ ತೆರೆದ ಹೊಟ್ಟೆಯಲ್ಲಿಯೇ, ಕೆಲವೇ ನಿಮಿಷಗಳಲ್ಲಿ, ಬೇರೆ ಗಾಯವಿಲ್ಲದೆ ಇದು ಮುಗಿಯುತ್ತದೆ. ಅಂಡಾಶಯವನ್ನು ಯಾರೂ ಮುಟ್ಟುವುದಿಲ್ಲವಾದ್ದರಿಂದ ಮುಟ್ಟು ನಿಲ್ಲುವುದಿಲ್ಲ, ಹೆಣ್ತನದ ಹಾರ್ಮೋನುಗಳೂ ಕುಂದುವುದಿಲ್ಲ. ಆಪರೇಷನ್ ಆದಂದಿನಿಂದ ಸೊಂಟ ಹಿಡಿದುಕೊಂಡಿತು ಎಂಬ ದೂರು ಊರೂರಿನಲ್ಲಿ ಕೇಳಿಬರುತ್ತದೆ. ಅದಕ್ಕೆ ಕಟ್ಟಿದ ನಾಳಕ್ಕಿಂತ ಎರಡು ಬಸಿರು, ಗೇರುಬೀಜದ ಕಾರ್ಖಾನೆಯಲ್ಲಿಯೋ ಬೀಡಿ ಸೂಪಿನ ಮುಂದೆಯೋ ಬಗ್ಗಿ ಕೂತ ವರ್ಷಗಳು ಹೆಚ್ಚು ಹೊಣೆ. ಹಾಗೆಂದು ದೂರನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ವೈದ್ಯ ತಪ್ಪು ಮಾಡುತ್ತಾನೆ, ಏಕೆಂದರೆ ಯಾರೂ ಕೇಳದೆ ಹೋದ ಅಸಮಾಧಾನಕ್ಕೆ ಮೈ ಒಂದು ಜಾಗ ಹುಡುಕಿಕೊಳ್ಳುತ್ತದೆ.

ಪದ್ಧತಿಯ ವ್ಯಾಪ್ತಿ ಬೆರಗು ಹುಟ್ಟಿಸುವಂಥದು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 57.4ರಷ್ಟು ಮಂದಿ ಈ ಶಸ್ತ್ರಕ್ರಿಯೆಗೆ ಒಳಗಾದವರು. ಇಡೀ ದೇಶದ ಪ್ರಮಾಣ ಶೇ. 37.9. ಆಧುನಿಕ ಗರ್ಭನಿರೋಧ ವಿಧಾನಗಳನ್ನೆಲ್ಲ ಕೂಡಿಸಿದರೂ ರಾಜ್ಯದಲ್ಲಿ ಬಳಕೆ ಶೇ. 68.2 ಆದ್ದರಿಂದ, ವಂಕಿ, ಮಾತ್ರೆ, ಚುಚ್ಚುಮದ್ದು, ನಿರೋಧ್ ಇವೆಲ್ಲಕ್ಕೂ ಸೇರಿ ಉಳಿಯುವುದು ಶೇ. 11ರ ಆಸುಪಾಸು. ಗಂಡಸರ ಶಸ್ತ್ರಕ್ರಿಯೆಯ ಅಂಕಣದಲ್ಲಿ 0.0 ಎಂದಿದೆ. ಆಯ್ಕೆಗಳು ಹಲವು ಎಂದು ಗೋಡೆಯ ಮೇಲಿನ ಭಿತ್ತಿಪತ್ರ ಎಷ್ಟೇ ಹೇಳಲಿ, ಅಂಕಿಗಳು ಹೇಳುವುದು ಒಂದೇ ಆಯ್ಕೆಯ ಕಥೆಯನ್ನು.

ಇದು ಹೇಗಾಯಿತೆಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ಘಟ್ಟದ ಮೇಲಿನ ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಸಂತತಿ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು, ಮತ್ತು ಅಲ್ಲಿಯ ಮಾತು ತಾತ್ಕಾಲಿಕ ವಿಧಾನಗಳದ್ದಾಗಿತ್ತು. ಆಗ ಮದ್ರಾಸ್ ಅಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕುಂದಾಪುರ ಆ ಸಂಸ್ಥಾನದ ಜತೆ ಒಂದೇ ರಾಜ್ಯವಾದದ್ದು 1956ರಲ್ಲಿ. 1952ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಮುಂದೆ ಗುರಿಸಂಖ್ಯೆಗಳ ಕಾರ್ಯಕ್ರಮವಾಯಿತು, ತುರ್ತು ಪರಿಸ್ಥಿತಿಯಲ್ಲಿ ಬಲವಂತದ್ದಾಯಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಶಸ್ತ್ರಕ್ರಿಯೆಗಳು ನಡೆದು, ಅವುಗಳಲ್ಲಿ ಬಹುಪಾಲು ಗಂಡಸರವಾಗಿದ್ದವು. ಗಂಡಸರು ಮತಪೆಟ್ಟಿಗೆಯಲ್ಲಿ ಉತ್ತರ ಕೊಟ್ಟರು. ಆ ಬಳಿಕ ಯಾವ ಸರ್ಕಾರವೂ ಅವರ ತಂಟೆಗೆ ಹೋಗಲಿಲ್ಲ, ಕಾರ್ಯಕ್ರಮ ಸದ್ದಿಲ್ಲದೆ ಹೆಂಗಸರ ಕಡೆಗೆ ಹೊರಳಿತು. 1996ರಲ್ಲಿ ಗುರಿಸಂಖ್ಯೆಗಳು ಕಾಗದದ ಮೇಲೆ ರದ್ದಾದರೂ ಎರಡು ದಶಕಗಳ ರೂಢಿ ರದ್ದಾಗಲಿಲ್ಲ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಶಸ್ತ್ರಕ್ರಿಯೆ ಮಾಡಿ, ಬಳಿಕ ಅವರಲ್ಲಿ ಹಲವರು ಸತ್ತದ್ದೂ, ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ಹೇಳಿದ್ದೂ ಈಚಿನ ಸಂಗತಿಗಳು. ಕರಾವಳಿಯ ಹೆಂಗಸು ಅಂಥ ಶಿಬಿರದ ಸಾಲಿನಲ್ಲಿ ಮಲಗಬೇಕಾಗಿಲ್ಲ. ಅವಳ ಹೆರಿಗೆ ಆಸ್ಪತ್ರೆಯಲ್ಲಿ, ಶಸ್ತ್ರಕ್ರಿಯೆ ತಜ್ಞರ ಕೈಯಲ್ಲಿ. ಆದ್ದರಿಂದಲೇ ಇಲ್ಲಿಯ ಕೊರತೆ ಕಣ್ಣಿಗೆ ಬೀಳುವುದಿಲ್ಲ.

ಆ ಕೊರತೆ ಕಾಲದ್ದು. ತೀರ್ಮಾನದ ಹೊತ್ತು ಸಾಮಾನ್ಯವಾಗಿ ಎರಡನೆಯ ಹೆರಿಗೆಯ ಹೊತ್ತೇ ಆಗಿರುತ್ತದೆ. ಮೊದಲನೆಯದು ಸಿಸೇರಿಯನ್ ಆಗಿದ್ದರೆ ಎರಡನೆಯದೂ ಬಹುತೇಕ ಹಾಗೆಯೇ ಆಗುವುದರಿಂದ, ‘ಜತೆಗೇ ಮಾಡಿಸಿಬಿಡಿ, ಇನ್ನೊಮ್ಮೆ ಹೊಟ್ಟೆ ಕೊಯ್ಯುವುದು ಬೇಡ’ ಎಂಬ ಸಲಹೆ ವೈದ್ಯರ ಬಾಯಿಂದಲೂ ಅತ್ತೆಯ ಬಾಯಿಂದಲೂ ಒಂದೇ ಸ್ವರದಲ್ಲಿ ಬರುತ್ತದೆ. ಸಲಹೆ ವೈದ್ಯಕೀಯವಾಗಿ ಸಮಂಜಸ. ಹಾಗಿರುವುದರಿಂದಲೇ ಅದನ್ನು ಪ್ರಶ್ನಿಸುವುದು ಕಷ್ಟ. ಸರ್ಕಾರದ ಮಾನದಂಡಗಳು ದೈಹಿಕ ಅಥವಾ ಮಾನಸಿಕ ಒತ್ತಡದಿಂದ ಯೋಚನಾಶಕ್ತಿ ಕುಗ್ಗಿರುವಾಗ ಸಮ್ಮತಿ ಪಡೆಯಬಾರದೆನ್ನುತ್ತವೆ. ಸಮ್ಮತಿಪತ್ರದಲ್ಲಿ ಇದು ಶಾಶ್ವತವೆಂದು ತಿಳಿದಿದೆ, ಬೇರೆ ವಿಧಾನಗಳು ತಿಳಿದಿವೆ, ವಿಫಲವಾಗುವ ಸಂಭವವೂ ತಿಳಿದಿದೆ ಎಂದು ಹೆಂಗಸು ರುಜು ಹಾಕುತ್ತಾಳೆ. ಆದರೆ ಇವೆಲ್ಲ ಅವಳಿಗೆ ಯಾವಾಗ ತಿಳಿದವು, ಏಳನೆಯ ತಿಂಗಳಲ್ಲೋ, ನೋವು ಕಾಣಿಸಿಕೊಂಡ ರಾತ್ರಿಯಲ್ಲೋ ಎಂದು ಪತ್ರ ಕೇಳುವುದಿಲ್ಲ. ಒಂದಕ್ಕೆ ಕೊಟ್ಟ ಸಮ್ಮತಿ ಇನ್ನೊಂದಕ್ಕೆ ಸಲ್ಲದೆಂದು, ರೋಗಿಗೆ ಬೇರೆ ದಾರಿಗಳೂ ಅಪಾಯಗಳೂ ಮೊದಲೇ ತಿಳಿದಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸ್ಪಷ್ಟಪಡಿಸಿತು. ಹೆರಿಗೆಗೆ ಬಂದವಳ ಕೈಗೆ ಸಿಸೇರಿಯನ್ನಿನ ಹಾಳೆಯೂ ಆಪರೇಷನ್ನಿನ ಹಾಳೆಯೂ ಒಂದೇ ಪೆನ್ನಿನೊಂದಿಗೆ ಬಂದಾಗ, ಕಾನೂನಿನ ಕಣ್ಣಿಗೆ ಎರಡು ರುಜುಗಳಿರುತ್ತವೆ. ನಿಜವಾಗಿ ಎರಡು ಸಮ್ಮತಿಗಳಿವೆಯೆ ಎಂಬುದು ಬೇರೆ ವಿಚಾರ.

ಕಾಲದ ಪ್ರಶ್ನೆ ಬರಿಯ ಸೂಕ್ಷ್ಮ ತರ್ಕವಲ್ಲ. ಅಮೆರಿಕದಲ್ಲಿ 10,685 ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕ್ರೆಸ್ಟ್ ಎಂಬ ಅಧ್ಯಯನದಲ್ಲಿ, 30 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ 14 ವರ್ಷಗಳೊಳಗೆ ಪಶ್ಚಾತ್ತಾಪ ಪಡುವ ಸಂಭವ ಶೇ. 20.3 ಎಂದೂ, 30 ದಾಟಿದವರಲ್ಲಿ ಅದು ಶೇ. 5.9 ಎಂದೂ ಕಂಡುಬಂತು. ಅಮೆರಿಕದ ಅಂಕಿಯನ್ನು ಈ ಸೀಮೆಯ ಶಂಕರನಾರಾಯಣಕ್ಕೋ ಗಂಗೊಳ್ಳಿಗೋ ಹಾಗೆಯೇ ತಂದು ಕೂರಿಸಲಾಗದು. ಅಲ್ಲಿ ಮರುಮದುವೆಯಿಂದ ಹುಟ್ಟುವ ಪಶ್ಚಾತ್ತಾಪ ಇಲ್ಲಿ ಅಷ್ಟೇ ಪ್ರಮಾಣದಲ್ಲಿ ಇರಲಾರದು. ಆದರೆ ಭಾರತದ ಮಾನದಂಡ 22 ವರ್ಷ ತುಂಬಿ, ಒಂದು ವರ್ಷ ದಾಟಿದ ಒಂದು ಮಗುವಿದ್ದರೆ ಸಾಕೆನ್ನುವಾಗ, 22ಕ್ಕೂ 30ಕ್ಕೂ ನಡುವಿನ ಎಂಟು ವರ್ಷಗಳಲ್ಲಿ ಬದುಕು ಎಷ್ಟು ಮಗುಚಬಲ್ಲುದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಮುಚ್ಚಿದ ನಾಳವನ್ನು ಮರುಜೋಡಿಸುವ ಶಸ್ತ್ರಕ್ರಿಯೆ ಇದೆ, ಆದರೆ ಉಳಿದ ನಾಳದ ಉದ್ದವನ್ನೂ ಹೆಂಗಸಿನ ವಯಸ್ಸನ್ನೂ ಅವಲಂಬಿಸಿದ ಅದರ ಫಲ ಅನಿಶ್ಚಿತ. ಬೇಕಾದರೆ ಬಿಚ್ಚಬಹುದು ಎಂದು ಸಮಾಧಾನ ಹೇಳುವವರು ಸುಳ್ಳು ಹೇಳುತ್ತಿದ್ದಾರೆ. ಶಾಶ್ವತವೆಂಬುದೂ ಪೂರ್ಣವಾಗಿ ನಿಜವಲ್ಲ: ಅದೇ ಅಧ್ಯಯನದಲ್ಲಿ ಹತ್ತು ವರ್ಷಗಳಲ್ಲಿ ಸಾವಿರಕ್ಕೆ 18.5 ಮಂದಿ ಗರ್ಭ ಧರಿಸಿದ್ದರು, ಮತ್ತು ಅಂಥ 143 ಗರ್ಭಗಳಲ್ಲಿ 47 ನಾಳದಲ್ಲೋ ಗರ್ಭಕೋಶದ ಹೊರಗೆ ಬೇರೆಲ್ಲೋ ನೆಲೆನಿಂತ ಅಪಾಯದ ಗರ್ಭಗಳಾಗಿದ್ದವು. ಆದ್ದರಿಂದ ಆಪರೇಷನ್ ಆದವಳ ಮುಟ್ಟು ತಪ್ಪಿ ಕಿಬ್ಬೊಟ್ಟೆ ನೊಂದರೆ, ‘ಆಪರೇಷನ್ ಆಗಿದೆಯಲ್ಲ’ ಎಂದು ಮನೆಯಲ್ಲಿ ಕೂರುವಂತಿಲ್ಲ.

ಈ ಟೀಕೆಯನ್ನು ಹಿಡಿದು, ಇಲ್ಲಿಯ ಹೆಂಗಸರೆಲ್ಲ ವಂಚಿತರೆಂದು ತೀರ್ಪು ಕೊಡುವವರಿದ್ದಾರೆ. ಅದು ಇನ್ನೊಂದು ಬಗೆಯ ಉದ್ಧಟತನ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದರು, ಮತ್ತು ಆ ಅಂತರದ ಹಿಂದೆ ಮುಂಬಯಿ, ಬೆಂಗಳೂರುಗಳ ಹೋಟೆಲುಗಳಿಗೆ, ಕೊಲ್ಲಿ ದೇಶಗಳಿಗೆ ಹೋದ ಗಂಡಂದಿರಿದ್ದಾರೆ. ವರ್ಷಕ್ಕೆ ಎರಡು ಸಲ ಊರಿಗೆ ಬರುವ ಗಂಡನಿಗಾಗಿ ದಿನವೂ ಮಾತ್ರೆ ನುಂಗುವುದು, ಅದನ್ನು ಅಡುಗೆಮನೆಯ ಯಾವ ಡಬ್ಬಿಯಲ್ಲಿ ಬಚ್ಚಿಡಬೇಕೆಂದು ಯೋಚಿಸುವುದು, ಇವುಗಳಿಗಿಂತ ಒಮ್ಮೆ ಮಾಡಿಸಿ ಮರೆತುಬಿಡುವುದು ಲೇಸೆಂದು ಅವಳು ಎಣಿಸಿದರೆ ಅದರಲ್ಲಿ ವಿವೇಕವಿದೆ. ಸಾಲದ ಕಂತು, ಇಂಗ್ಲಿಷ್ ಶಾಲೆಯ ಫೀಸು, ಅತ್ತೆಯ ಔಷಧಿ ಇವೆಲ್ಲದರ ನಡುವೆ ತನ್ನ ಮೈಯ ಮೇಲೆ ಅವಳು ಚಲಾಯಿಸುವ ಒಂದೇ ಒಂದು ಪೂರ್ಣಾಧಿಕಾರ ಇದೇ ಆಗಿರಲೂಬಹುದು. ಹೆರಿಗೆಯ ಹೊತ್ತಿನಲ್ಲಿ ಮಾಡಿಸಬಾರದೆಂದು ಕಟ್ಟುನಿಟ್ಟು ಮಾಡುವುದೂ ಅವಳಿಗೆ ಉಪಕಾರವಲ್ಲ: ಅಮೆರಿಕದ ಮೆಡಿಕೈಡ್ ಯೋಜನೆ ಸಮ್ಮತಿಗೂ ಶಸ್ತ್ರಕ್ರಿಯೆಗೂ ನಡುವೆ ಮೂವತ್ತು ದಿನಗಳ ಅಂತರ ಕಡ್ಡಾಯ ಮಾಡಿದಾಗ, ಬಡ ಹೆಂಗಸರನ್ನು ಬಲವಂತದಿಂದ ಕಾಪಾಡಲೆಂದು ತಂದ ನಿಯಮವೇ ಬೇಕೆಂದವರಿಗೂ ತಡೆಗೋಡೆಯಾಯಿತೆಂಬ ಟೀಕೆ ಅಲ್ಲಿಯ ವೈದ್ಯರಿಂದಲೇ ಬಂತು.

ತೀರ್ಮಾನ ಹೆಂಗಸಿನದ್ದೇ ಎನ್ನುವುದರಲ್ಲಿಯೂ ನಮ್ಮ ವ್ಯವಸ್ಥೆಗೆ ಒಂದೇ ನಾಲಗೆಯಿಲ್ಲ. ಸರ್ಕಾರದ ಕೈಪಿಡಿಯ ಪ್ರಕಾರ ಗಂಡನ ಸಮ್ಮತಿ ಬೇಕಿಲ್ಲ. ಆದರೆ 2007ರ ಸಮರ್ ಘೋಷ್ ಪ್ರಕರಣದ ತೀರ್ಪಿನಲ್ಲಿ, ವೈದ್ಯಕೀಯ ಕಾರಣವಿಲ್ಲದೆ ಸಂಗಾತಿಗೆ ತಿಳಿಸದೆ ಸಂತಾನಶಕ್ತಿ ಕಳೆದುಕೊಳ್ಳುವುದು ಮಾನಸಿಕ ಕ್ರೌರ್ಯವಾಗಬಹುದು ಎಂದಿದೆ, ಮತ್ತು ಹೆಂಡತಿ ಮಾಡಿಸಿಕೊಳ್ಳಬಹುದಾದ ಶಸ್ತ್ರಕ್ರಿಯೆಯನ್ನು ಹೆಸರಿಸುವಾಗ ಅದು ‘ವ್ಯಾಸೆಕ್ಟಮಿ’ ಎಂದೇ ಬರೆದಿದೆ. ಅಂದರೆ ಗಂಡಸರ ವೀರ್ಯನಾಳದ ಶಸ್ತ್ರಕ್ರಿಯೆ. ಹೆಂಗಸಿನ ಮೈಯ ವಿಚಾರದಲ್ಲಿ ಇಂಥದೊಂದು ಕೈತಪ್ಪು ದೇಶದ ಅತ್ಯುನ್ನತ ನ್ಯಾಯಾಲಯದ ತೀರ್ಪಿನಲ್ಲಿ ಹಾಗೆಯೇ ಉಳಿದದ್ದು ಯೋಚಿಸತಕ್ಕ ವಿಷಯ.

ಕರಾವಳಿಯ ಕಾನೂನು ಇನ್ನೂ ಹಿಂದೆಯೇ ಗರ್ಭವನ್ನು ಬೇರೊಂದು ಲೆಕ್ಕದಲ್ಲಿ ಅಳೆದಿತ್ತು. ಬಂಟರು, ಬಿಲ್ಲವರು, ಮೊಗವೀರರು ಮುಂತಾದವರು ಪಾಲಿಸುತ್ತಿದ್ದ ಅಳಿಯಸಂತಾನ, ಅಂದರೆ ತಾಯಿಯ ಕಡೆಯಿಂದ ವಂಶವೂ ಆಸ್ತಿಯೂ ಇಳಿಯುವ ಪದ್ಧತಿಯನ್ನು ಕ್ರಮಬದ್ಧಗೊಳಿಸಿದ 1949ರ ಮದ್ರಾಸ್ ಕಾಯ್ದೆಯಲ್ಲಿ, ಐವತ್ತು ತುಂಬದ ಒಬ್ಬ ಹೆಂಗಸಾದರೂ ಇರುವ ಕವಲಿಗೆ ‘ಸಂತತಿ ಕವರು’ ಎಂದೂ ಇಲ್ಲದ್ದಕ್ಕೆ ‘ನಿಸ್ಸಂತತಿ ಕವರು’ ಎಂದೂ ಹೆಸರು. ಪಾಲಿನ ಹಕ್ಕು ಆ ಭೇದವನ್ನು ಅವಲಂಬಿಸಿತ್ತು. ನಾಳ ಕಟ್ಟಿಸಿಕೊಂಡ ಮೂವತ್ತರ ಹೆಂಗಸೂ ಆ ಕಾಯ್ದೆಯ ಕಣ್ಣಿಗೆ ಸಂತತಿಯೇ. ಮಗಳಿಲ್ಲದ ಮನೆ ಮುಗಿಯಿತೆಂದು ಭಾವಿಸುವ ಸಮಾಜದಲ್ಲಿ ‘ಸಾಕು’ ಎನ್ನುವ ಕ್ಷಣ ಉತ್ತರ ಭಾರತದಂತೆ ಗಂಡುಮಗುವಿಗಾಗಿ ಮಾತ್ರ ಕಾಯುವುದಿಲ್ಲ. ಒಂದು ಹೆಣ್ಣು ಹುಟ್ಟಿದ ಮೇಲೆಯೇ ಬರುವ ಆ ನಿರಾಳತೆ ಈಗಲೂ ಪೂರ್ಣವಾಗಿ ಅಳಿದಿಲ್ಲ.

ಹೀಗಿರುವಾಗ ಬೇಕಾದದ್ದು ಹೊಸ ಯೋಜನೆಯಲ್ಲ, ಇರುವುದರ ಮರುಹೊಂದಿಕೆ. ಬಸಿರಿನ ತಪಾಸಣೆಗಳನ್ನೆಲ್ಲ ದಾಖಲಿಸುವ ತಾಯಿ ಕಾರ್ಡ್ ಹೇಗೂ ಅವಳ ಕೈಯಲ್ಲಿದೆ; ಏಳನೆಯ ತಿಂಗಳ ಭೇಟಿಯಲ್ಲಿ, ಅತ್ತೆಯನ್ನು ಹೊರಗೆ ಕೂರಿಸಿ, ಹತ್ತು ವರ್ಷ ಬಾಳುವ ಕಾಪರ್-ಟಿ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ವಾರಕ್ಕೊಮ್ಮೆಯ ಛಾಯಾ ಮಾತ್ರೆ ಇವುಗಳ ಜತೆಯಲ್ಲಿಯೇ ಆಪರೇಷನ್ನನ್ನೂ ವಿವರಿಸಿ, ಅವಳ ಮಾತನ್ನು ಬರೆದುಕೊಂಡು, ಹೆರಿಗೆಯ ದಿನ ಮತ್ತೊಮ್ಮೆ ಕೇಳಿದರೆ, ಎರಡು ಉತ್ತರಗಳ ನಡುವೆ ಎರಡು ತಿಂಗಳ ಯೋಚನೆ ಇರುತ್ತದೆ. ಎರಡನೆಯ ಉತ್ತರ ಮೊದಲನೆಯದಕ್ಕಿಂತ ಬೇರೆಯಾದರೆ ಅದನ್ನು ಚಂಚಲತೆ ಎನ್ನದಿರುವ ಸೌಜನ್ಯ ವೈದ್ಯರಿಗಿರಬೇಕು.

ಗಂಡಸರ ಅಂಕಣದ ಸೊನ್ನೆಗೆ ಊರು ಕೊಡುವ ಕಾರಣ ಹೆಚ್ಚಾಗಿ ಒಂದೇ: ಬಲೆ ಎಳೆಯುವವನು, ಹೊರೆ ಹೊರುವವನು ಆಪರೇಷನ್ ಮಾಡಿಸಿಕೊಂಡರೆ ಶಕ್ತಿ ಕುಂದುತ್ತದೆ. ಶಕ್ತಿ ಕುಂದುವುದಿಲ್ಲ, ವೃಷಣದ ಹಾರ್ಮೋನನ್ನು ಯಾರೂ ಮುಟ್ಟುವುದಿಲ್ಲ, ಚರ್ಮದಲ್ಲಿ ಸಣ್ಣದೊಂದು ರಂಧ್ರ ಮಾಡಿ ವೀರ್ಯನಾಳವನ್ನು ಕಟ್ಟುವ ಈಗಿನ ವಿಧಾನಕ್ಕೆ ಹೊಲಿಗೆಯೂ ಬೇಡ. ಮೂರು ತಿಂಗಳವರೆಗೆ ಬೇರೆ ವಿಧಾನ ಬಳಸಿ, ಬಳಿಕ ವೀರ್ಯಪರೀಕ್ಷೆ ಮಾಡಿಸಬೇಕು. ಹೆಂಗಸಾದರೋ ಎಳೆಗೂಸನ್ನು ಎತ್ತಿಕೊಂಡೇ ಹೊಟ್ಟೆಯ ಗಾಯ ಒಣಗಿಸಿಕೊಳ್ಳುತ್ತಾಳೆ, ಅವಳ ಶಕ್ತಿಯ ಪ್ರಶ್ನೆ ಯಾರೂ ಎತ್ತುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಗಂಗೊಳ್ಳಿಯ ದಕ್ಕೆಯಲ್ಲಿ ದೋಣಿಗಳು ಸಾಲಾಗಿ ನಿಲ್ಲುತ್ತವೆ, ಗಂಡಸರು ಮನೆಯಲ್ಲಿರುತ್ತಾರೆ, ಬಲೆ ಹೆಣೆಯುತ್ತಾರೆ. ಜೂನ್ ಮೊದಲ ವಾರದಲ್ಲಿ ವ್ಯಾಸೆಕ್ಟಮಿ ಮಾಡಿಸಿಕೊಂಡವನಿಗೆ ಮತ್ತೆ ಕಡಲಿಗಿಳಿಯುವ ಮೊದಲು ಏಳು ವಾರಕ್ಕೂ ಮಿಕ್ಕಿ ಬಿಡುವಿರುತ್ತದೆ. ಭಾರದ ಕೆಲಸ ಬಿಟ್ಟಿರಬೇಕಾದದ್ದು ಒಂದು ವಾರ.