ನಿಂಬೆ ಎಲೆಯ ಬೆಳ್ಳಿ ಗೆರೆ

ನಾಲ್ಕು ಮಳೆ ಬಿದ್ದರೆ ಮೈಸೂರಿನ ಹಿತ್ತಲುಗಳಲ್ಲಿ ನಿಂಬೆ, ಹೇರಳೆ, ಚಕ್ಕೋತ ಒಟ್ಟಿಗೇ ಚಿಗುರುತ್ತವೆ. ಅದರ ಬೆನ್ನಿಗೇ ಎಳೆ ಎಲೆಗಳ ಮೇಲೆ ಅಂಕುಡೊಂಕು ಬೆಳ್ಳಿ ಗೆರೆಗಳೂ ಮೂಡುತ್ತವೆ. ಇದು ರಂಗೋಲಿ ಹುಳುವಿನ ಕೆಲಸ. ಔಷಧಿ ಬಾಟಲಿಗೆ ಕೈ ಹಾಕುವ ಮೊದಲು ಭೂತಗನ್ನಡಿ ಹಿಡಿದು ಆ ಗೆರೆಯನ್ನು ಒಮ್ಮೆ ಓದಿ ನೋಡಿ.

ಗೆರೆ ಶುರುವಾಗುವುದು ಎಲೆಯ ನಡುನರದ ಆಸುಪಾಸಿನಲ್ಲಿ, ಕೂದಲೆಳೆಯಷ್ಟು ಸಣ್ಣಗೆ. ಮೊಟ್ಟೆಯೊಡೆದ ಮರಿ ನೇರ ಎಲೆಯೊಳಗೆ ಇಳಿದ ಜಾಗ ಅದು. ಕಾಲಿಲ್ಲದ ಈ ಚಪ್ಪಟೆ ಮರಿ ಹೊರಪದರದ ಜೀವಕೋಶಗಳನ್ನು ಸೀಳಿ ರಸ ಹೀರುತ್ತದೆ, ಒಳಗಿನ ಹಸಿರನ್ನು ಮುಟ್ಟುವುದಿಲ್ಲ. ಮೈ ಬೆಳೆದ ಹಾಗೆ ದಾರಿಯೂ ಅಗಲವಾಗುತ್ತದೆ. ನಡುವೆ ಉದ್ದಕ್ಕೂ ಕಾಣುವ ಕಪ್ಪು ಎಳೆ ಅದರ ಹಿಕ್ಕೆ. ಕೊನೆಯ ಹಂತದಲ್ಲಿ ಮರಿ ಉಣ್ಣುವುದನ್ನು ಬಿಟ್ಟು, ಎಲೆಯಂಚಿಗೆ ಬಂದು, ರೇಷ್ಮೆ ನೂತು ಅಂಚನ್ನು ಮಡಚಿ ಅದರೊಳಗೆ ಕೋಶವಾಗುತ್ತದೆ. ಹೊರಬರುವ ಪತಂಗ ರೆಕ್ಕೆ ಬಿಚ್ಚಿದರೂ ನಾಲ್ಕು ಮಿಲಿಮೀಟರ್ ಅಷ್ಟೇ. ಬೆಳ್ಳಿ ರೆಕ್ಕೆ, ತುದಿಯಲ್ಲೊಂದು ಕರಿ ಚುಕ್ಕೆ. ಬೆಚ್ಚನೆಯ ದಿನಗಳಲ್ಲಿ ಎರಡು ಮೂರು ವಾರಕ್ಕೆ ಒಂದು ತಲೆಮಾರು ಮುಗಿಯುತ್ತದೆ.

ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲ ಎಂಬ ಹೆಸರನ್ನು ಇದಕ್ಕೆ ಇಟ್ಟವನು ಇಂಗ್ಲೆಂಡಿನ ಸ್ಟೇನ್‌ಟನ್, 1856ರಲ್ಲಿ, ಕಲ್ಕತ್ತೆಯಿಂದ ಬಂದ ಮಾದರಿಗಳನ್ನು ನೋಡಿ. 1993ರಲ್ಲಿ ಇದು ಫ್ಲಾರಿಡಾದ ಕಿತ್ತಳೆ ತೋಟಗಳಲ್ಲಿ ಕಾಣಿಸಿಕೊಂಡಾಗ ಅಲ್ಲಿನವರು ಗಾಬರಿಯಾದರು. ನಮ್ಮಲ್ಲಿ ಅದು ಹಳೇ ನೆಂಟ.

ಈ ಓದಿನಲ್ಲಿ ನನಗೆ ಹೆಚ್ಚು ರುಚಿಸುವುದು ಅರ್ಧಕ್ಕೇ ನಿಂತ ಗೆರೆಗಳು. ಗೆರೆಯ ನಡುವೆಯೇ ಪುಟ್ಟ ಕಪ್ಪು ಕೋಶ ಕಂಡರೆ ಅದು ಬಹುಪಾಲು ಪರಾವಲಂಬಿ ಕಣಜದ್ದು. ಮರಿಯನ್ನು ಅದು ಆಗಲೇ ತಿಂದು ಮುಗಿಸಿರುತ್ತದೆ. ಎಲೆಯ ಮೇಲೆ ಹೊಡೆದ ವಿಷ ಪದರದೊಳಗಿನ ಮರಿಗೆ ಸರಿಯಾಗಿ ತಾಗುವುದಿಲ್ಲ, ಹೊರಗೆ ಹಾರಾಡುವ ಕಣಜಕ್ಕೆ ಚೆನ್ನಾಗಿಯೇ ತಾಗುತ್ತದೆ. ಬಲಿತ ಮರ ಈ ಗೆರೆಗಳಿಂದ ಬಡವಾಗುವುದಿಲ್ಲ. ಕುಂಡದ ಸಸಿಗೆ ಮಾತ್ರ ಕಾಳಜಿ ಬೇಕು. ಗಾಯಗಳಿಂದ ಕಜ್ಜಿರೋಗ ಒಳಹೊಗುತ್ತದೆ. ಚಿಗುರು ಎಳೆಯದಿರುವಾಗಲೇ ಬೇವಿನ ಸಿಂಪಡಣೆ ಮಾಡಿ. ಬೇಕಾದಾಗೆಲ್ಲ ಕತ್ತರಿ ಆಡಿಸಿ, ಯೂರಿಯಾ ಸುರಿದು ಹೊಸ ಚಿಗುರು ಬರಿಸಬೇಡಿ. ಹುಳುವಿಗೆ ಬೇಕಾದದ್ದು ಅದೇ.

ಈ ವಾರ ಬೆರಳುದ್ದದ ಚಿಗುರು ಹುಡುಕಿ, ಎಲೆಯ ಅಡಿಭಾಗ ನೋಡಿ. ಇಬ್ಬನಿಯ ಕಣದಂತೆ ಹೊಳೆಯುವ ಮೊಟ್ಟೆ ಸಿಕ್ಕಿದರೆ ಎಲೆಗೆ ದಾರ ಕಟ್ಟಿ ಗುರುತಿಟ್ಟುಕೊಳ್ಳಿ. ಗೆದ್ದದ್ದು ಪತಂಗವೋ ಕಣಜವೋ ಎಂಬುದು ಮೂರು ವಾರದೊಳಗೆ ಗೊತ್ತಾಗುತ್ತದೆ.